ಚಿತ್ರದುರ್ಗದಲ್ಲಿ ಕ್ಯಾಂಪರ್ ವ್ಯಾನ್: ರಾತ್ರಿ ಪಾರ್ಕಿಂಗ್ ನಿಷೇಧ ಕಾನೂನುಬದ್ಧವೇ?

ಕೋಟೆ ನೋಡಲು ಬಂದು ಸಾರ್ವಜನಿಕ ಪಾರ್ಕಿಂಗ್‌ನಲ್ಲೇ ವ್ಯಾನಿನೊಳಗೆ ಮಲಗುವ ಪ್ಲಾನ್ ನಿಮ್ಮದು. ‘ರಾತ್ರಿ ನಿಲ್ಲಿಸಬಾರದು’ ಎಂಬ ಬೋರ್ಡಿಗೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಇದೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ, ಗಾಡಿ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಎಂದು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ಗೊತ್ತು ಮಾಡಬಹುದು. ಹಾಗಂತ ಚೀಟಿ ಹರಿಯುವವನು ಸುಮ್ನೆ ಬಾಯಲ್ಲಿ ಹೇಳಿದ್ದೆಲ್ಲ ಕಾನೂನಲ್ಲ. ಆದೇಶ ಯಾರದ್ದು ಅಂತ ಕೇಳಿ. ಗಾಡಿ ಎತ್ತಿಸಲು 127ನೇ ಸೆಕ್ಷನ್‌ನಂತೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿ ಬೇಕು. ನಿಷೇಧ ಇಲ್ಲದ ಕಡೆಯೂ, ಯಾರೂ ಇಲ್ಲದೆ 10 ಗಂಟೆ ನಿಂತ ಗಾಡಿಯನ್ನು ಎತ್ತಬಹುದು. ನೀವು ಒಳಗೇ ಇದ್ದರೆ ಆ ಮಾತು ಬರುವುದಿಲ್ಲ, ಅಲ್ವಾ? ಆದರೆ ಹೊರಗೆ ಸ್ಟೌ ಹಚ್ಚಿ, ಕುರ್ಚಿ ಹರಡಿ ಕೂತರೆ ಬಿಡಾರ ಹೂಡಿದ್ದೀರಿ ಅಂತ ಎಬ್ಬಿಸಿಯಾರು.