ಕಪಾಟು ಸರಿಸೋ ಮುಂಚೆ ಒಂದು ಮಾತು

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಲ್ಲಿ ಉತ್ತರ ಬರೆದು ಮುಗಿಸೋಕೆ ಆಗ್ಲಿಲ್ಲ, ಅದಕ್ಕೇ ಈ ಪುಟ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಬರೆದಿರೋದು ಒಬ್ಬರು ತಾಯಿ. ಹೆಸರು, ಊರು ಎರಡೂ ಹಾಕ್ಬೇಡಿ ಅಂದಿದಾರೆ, ಹಾಕಲ್ಲ.

ಪತ್ರದ ಸಾರ ಇಷ್ಟು. ಮಗನಿಗೆ ಹನ್ನೊಂದು ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಎರಡು ವರ್ಷದಿಂದ ಪ್ರತಿ ಶನಿವಾರ ಸಂಜೆ ಊರಿನ ಲೈಬ್ರರಿಗೆ ಹೋಗ್ತಾರೆ, ಅವನು ಸೀದಾ ಕಿಟಕಿ ಪಕ್ಕದ ಕಪಾಟಿಗೆ ಹೋಗಿ ಹಾವುಗಳ ಬಗ್ಗೆ ಇರೋ ಒಂದೇ ಒಂದು ಪುಸ್ತಕ ತಗೊಂಡು, ಅದೇ ಕುರ್ಚಿಲಿ ಕೂತು, ಮುಕ್ಕಾಲು ಗಂಟೆ ನೋಡಿ, ಎದ್ದು ಬರ್ತಾನೆ. ಮೊನ್ನೆ ಹೋದಾಗ ಕಪಾಟು ಅಲ್ಲಿರ್ಲಿಲ್ಲ. ಸುಣ್ಣಬಣ್ಣ ಮಾಡಿಸೋಕೆ ಅಂತ ಎಲ್ಲಾ ಆ ಕಡೆ ಈ ಕಡೆ ಸರಿಸಿದ್ರು. ಹುಡುಗ ಕಿವಿ ಮುಚ್ಕೊಂಡು ಕಿರುಚಿ ನೆಲದ ಮೇಲೆ ಬಿದ್ಕೊಂಡ. ಎಕ್ಸಾಮಿಗೆ ಓದ್ತಿದ್ದವರೆಲ್ಲ ತಿರುಗಿ ನೋಡಿದ್ರು, ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡೋಕೆ ಶುರು ಮಾಡಿದ, ಸಿಬ್ಬಂದಿಯೊಬ್ಬರು ಬಂದು "ಇಂಥ ಮಕ್ಕಳನ್ನ ಇಲ್ಲಿಗ್ಯಾಕೆ ಕರ್ಕೊಂಡು ಬರ್ತೀರಿ ಮೇಡಂ" ಅಂದ್ರಂತೆ. ಅವತ್ತಿಂದ ಹೋಗಿಲ್ಲ. ಅದೇ ಪುಸ್ತಕ ಅಂಗಡಿಯಿಂದ ತಂದು ಮನೇಲಿಟ್ರೆ ಮುಟ್ಟಲ್ವಂತೆ, "ಅಲ್ಲಿ" ಅಂತ ಬಾಗಿಲ ಕಡೆ ಕೈ ತೋರಿಸ್ತಾನಂತೆ. ಕೊನೇಲಿ ನಮಗೆ ಒಂದು ಪ್ರಶ್ನೆ: "ಇಂಥ ಮಕ್ಕಳಿಗೆ ಅಂತಾನೇ ಬೇರೆ ಲೈಬ್ರರಿ ಮಾಡ್ಬೇಕು ಅಂತ ನಿಮ್ಮ ಪತ್ರಿಕೆ ಯಾಕೆ ಬರೀಬಾರ್ದು?"

ಮೇಡಂ, ಬರೆಯಲ್ಲ. ಕ್ಷಮಿಸಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದ್ರೆ ನೀವು ಕೇಳ್ತಿರೋದು ಕಮ್ಮಿ ಆಯ್ತು ಅನ್ಸುತ್ತೆ. ಬೇರೆ ಲೈಬ್ರರಿ ಅಂತ ಮಾಡಿದ್ರೆ ಅದು ಬೆಂಗಳೂರಲ್ಲಿ ಒಂದು ಆಗ್ಬಹುದು, ಹೆಚ್ಚಂದ್ರೆ ಮೈಸೂರಲ್ಲಿ ಇನ್ನೊಂದು. ಆಮೇಲೆ ನಿಮ್ಮೂರಿನ ಲೈಬ್ರರಿಯವರಿಗೆ ಒಳ್ಳೇ ನೆಪ ಸಿಕ್ಕಂಗೆ, "ನಿಮ್ಮದು ಅಲ್ಲಿದೆಯಲ್ಲ, ಅಲ್ಲಿಗೇ ಹೋಗಿ" ಅಂತಾರೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು, ಆ ಕಿಟಕಿ ಪಕ್ಕದ ಕುರ್ಚಿಗೆ ನೀವೂ ದುಡ್ಡು ಕೊಟ್ಟಿದೀರಿ. ಅದೂ ಅಲ್ದೆ ನಿಮ್ಮ ಮಗನೇ ಉತ್ತರ ಹೇಳ್ಬಿಟ್ಟಿದಾನಲ್ಲ, "ಅಲ್ಲಿ" ಅಂತ.

ಮುಂದೆ ಹೋಗೋ ಮುಂಚೆ ನಮ್ಮ ತಪ್ಪು ಒಪ್ಕೋಬೇಕು. ಕೆಲವು ವರ್ಷದ ಹಿಂದೆ ಇದೇ ಪತ್ರಿಕೇಲಿ "ಆಟಿಸಂ ರೋಗಿಗಳು" ಅಂತ ಹೆಡ್ಡಿಂಗ್ ಹೋಗಿತ್ತು, ಪುಟ ನೋಡಿ ಪಾಸ್ ಮಾಡಿದ್ದು ನಾನೇ. ಆಟಿಸಂ ರೋಗ ಅಲ್ಲ, ವಾಸಿ ಮಾಡೋ ವಿಷ್ಯನೂ ಅಲ್ಲ, ಮಿದುಳು ಸದ್ದು, ಬೆಳಕು, ಮಾತು, ಬದಲಾವಣೆ ಇವನ್ನೆಲ್ಲ ಬೇರೆ ರೀತಿ ತಗೊಳ್ಳೋದು ಅಷ್ಟೇ. ಕನ್ನಡದಲ್ಲಿ ಸ್ವಲೀನತೆ ಅಂತ ಒಂದು ಪದ ಇದೆ, ನನಗೆ ಅಷ್ಟು ಇಷ್ಟ ಇಲ್ಲ. ತನ್ನಲ್ಲೇ ಮುಳುಗಿರೋನು ಅನ್ನೋ ಅರ್ಥ ಬರುತ್ತೆ, ನಿಮ್ಮ ಹುಡುಗ ಮುಳುಗಿರೋದು ಹಾವಿನ ಪುಸ್ತಕದಲ್ಲಿ.

ಈಗ ಅವತ್ತು ಆಗಿದ್ದೇನು ಅಂತ ನೋಡೋಣ. ಪತ್ರದಲ್ಲಿ ನೀವು ಸಿಬ್ಬಂದಿ ಆಡಿದ ಮಾತಿನ ಬಗ್ಗೆ ಒಂದೂವರೆ ಪುಟ ಬರೆದಿದೀರಿ, ಕಪಾಟು ಸರಿಸಿದ್ದರ ಬಗ್ಗೆ ಒಂದೇ ಸಾಲು. ನನಗೆ ಆ ಒಂದು ಸಾಲೇ ಮುಖ್ಯ ಅನ್ಸ್ತು. ಎರಡು ವರ್ಷ ಅಂದ್ರೆ ಹತ್ತಿರತ್ತಿರ ನೂರು ಶನಿವಾರ ಆ ಹುಡುಗ ಅಲ್ಲಿ ಯಾರಿಗೂ ತೊಂದ್ರೆ ಕೊಡದೆ ಕೂತು ಬಂದಿದಾನೆ. ಯಾಕೆ ಅಂದ್ರೆ ಲೈಬ್ರರಿ ಅನ್ನೋದು ಇಂಥವರಿಗೆ ಹೇಳಿ ಮಾಡಿಸಿದ ಜಾಗ, ಮದುವೆ ಮನೆ ಥರ ಅಲ್ಲ, ಮಾಲ್ ಥರ ಅಲ್ಲ, ಎಲ್ಲಾ ವಸ್ತುವಿಗೂ ಒಂದು ಜಾಗ ಇದೆ, ಯಾರೂ ಬಂದು ಕೆನ್ನೆ ಹಿಂಡಿ "ಏನೋ ನಿನ್ನ ಹೆಸರು" ಅಂತ ಕೇಳಲ್ಲ. ಹೋದ ವಾರ ಎಲ್ಲಿತ್ತೋ ಈ ವಾರನೂ ಅಲ್ಲೇ ಇರುತ್ತೆ, ಆ ಒಂದು ನಂಬಿಕೆ ಮೇಲೆ ಅವನು ಬರ್ತಿದ್ದ. ಅವತ್ತು ಮುರಿದಿದ್ದು ಅದು. ಹಠ ಮಾಡೋ ಮಗುಗೆ ಏನೋ ಬೇಕಾಗಿರುತ್ತೆ, ಕೊಟ್ರೆ ಸುಮ್ನಾಗುತ್ತೆ, ಯಾರಾದ್ರೂ ನೋಡ್ತಿದಾರಾ ಅಂತ ಓರೆಗಣ್ಣಲ್ಲಿ ನೋಡ್ಕೊಳುತ್ತೆ. ಇದು ಹಾಗಲ್ಲ, ಇದಕ್ಕೆ ಮೆಲ್ಟ್‌ಡೌನ್ ಅಂತಾರೆ, ತಡ್ಕೊಳ್ಳೋ ಶಕ್ತಿ ಮುಗಿದು ಹೋದಾಗ ಆಗೋದು. ಆ ಹೊತ್ತಲ್ಲಿ ಬೈದ್ರೂ ಅಷ್ಟೇ ಸಮಾಧಾನ ಮಾಡಿದ್ರೂ ಅಷ್ಟೇ, ಎರಡೂ ಇನ್ನೊಂದಿಷ್ಟು ಸದ್ದು.

ಹಾಗಾದ್ರೆ ಲೈಬ್ರರಿಯವರು ಏನು ಮಾಡ್ಬೇಕಿತ್ತು? ಕಪಾಟು ಸರಿಸಲೇಬಾರದಿತ್ತು ಅಂತ ನಾನು ಹೇಳಲ್ಲ, ಸುಣ್ಣ ಬಳಿಯದೆ ಎಷ್ಟು ವರ್ಷ ಇರೋಕಾಗುತ್ತೆ. ಒಂದು ವಾರ ಮುಂಚೆ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ರೆ ಸಾಕಾಗಿತ್ತು, ಮುಂದಿನ ಶನಿವಾರ ಮಕ್ಕಳ ಪುಸ್ತಕ ಈ ಗೋಡೆ ಹತ್ರ ಇರುತ್ತೆ ಅಂತ, ಜೊತೆಗೊಂದು ಫೋಟೋ. ನೀವು ಅದನ್ನ ಮಗನಿಗೆ ದಿನಾ ತೋರಿಸ್ತಿದ್ರಿ. ಆಗ್ಲೂ ಕಷ್ಟ ಆಗ್ತಿತ್ತೇನೋ, ಆದ್ರೆ ಇಷ್ಟು ಆಗ್ತಿರ್ಲಿಲ್ಲ ಅನ್ಸುತ್ತೆ. ವ್ಹೀಲ್‌ಚೇರಿಗೆ ರಾಂಪ್ ಹೆಂಗೋ ಆಟಿಸಂ ಇರೋರಿಗೆ ಮುಂಚೆ ಹೇಳೋದು ಹಂಗೆ. ನಮ್ಮಲ್ಲಿ ರಾಂಪ್ ಒಂದು ಕಟ್ಟಿಬಿಟ್ರೆ ಎಲ್ಲಾ ಅಂಗವಿಕಲರಿಗೂ ವ್ಯವಸ್ಥೆ ಆಯ್ತು ಅಂದ್ಕೋತಾರೆ. 1995ರ ಕಾಯ್ದೆಯಲ್ಲಿದ್ದಿದ್ದು 7 ಥರದ ಅಂಗವೈಕಲ್ಯ, ಆಟಿಸಂ ಆ ಪಟ್ಟೀಲಿ ಇರ್ಲೇ ಇಲ್ಲ. 2016ರ ಕಾಯ್ದೆಯಲ್ಲಿ 21 ಆಯ್ತು, ಆಟಿಸಂ ಬಂತು, ಕಟ್ಟಡಗಳು ಮಾತ್ರ ಇನ್ನೂ 1995ರಲ್ಲೇ ಇವೆ.

ಈ ಫೋಟೋ ಉಪಾಯ ನಾನು ಕಂಡುಹಿಡಿದಿದ್ದೇನೂ ಅಲ್ಲ. ಅಮೆರಿಕದ ನ್ಯೂಜೆರ್ಸಿಲಿ ಸ್ಕಾಚ್ ಪ್ಲೇನ್ಸ್ ಮತ್ತು ಫ್ಯಾನ್‌ವುಡ್ ಅಂತ ಅಕ್ಕಪಕ್ಕದ ಎರಡು ಚಿಕ್ಕ ಊರುಗಳ ಲೈಬ್ರರಿಗಳು ಸೇರ್ಕೊಂಡು, ಆಟಿಸಂ ಇರೋರು ಬಂದಾಗ ಹೇಗೆ ನಡ್ಕೋಬೇಕು ಅಂತ 2008ರಲ್ಲಿ ಸಿಬ್ಬಂದಿಗೆ ಒಂದು ಟ್ರೈನಿಂಗ್ ವಿಡಿಯೋ ಮಾಡಿದ್ರು. ಈಗ ಅಲ್ಲಿ ಎಷ್ಟೋ ಲೈಬ್ರರಿಗಳು "ನಾನು ಲೈಬ್ರರಿಗೆ ಹೋಗ್ತೀನಿ" ಅಂತ ನಾಲ್ಕೈದು ಹಾಳೆಯ ಚಿತ್ರಕಥೆ ಮಾಡಿಡ್ತವೆ, ಗೇಟು ಹೀಗಿರುತ್ತೆ, ಇವರು ಕೌಂಟರಲ್ಲಿ ಕೂತಿರ್ತಾರೆ, ಕಾರ್ಡ್ ಕೊಟ್ರೆ ಹೀಗೆ ಸದ್ದು ಬರುತ್ತೆ, ಟಾಯ್ಲೆಟ್ ಇಲ್ಲಿ ಅಂತ. ಮಗು ಮನೇಲೇ ಹತ್ತು ಸಲ ನೋಡ್ಕೊಂಡು ಬರುತ್ತೆ. ಇಂಗ್ಲೆಂಡಲ್ಲೂ 2016ರಲ್ಲಿ ಅಲ್ಲಿನ ಮುಖ್ಯ ಲೈಬ್ರೆರಿಯನ್ನರ ಸಂಘ ಡೈಮೆನ್ಷನ್ಸ್ ಅನ್ನೋ ಸಂಸ್ಥೆ ಜೊತೆ ಸೇರಿ ಸಿಬ್ಬಂದಿಗೆ ಫ್ರೀ ಟ್ರೈನಿಂಗ್ ಕೊಡೋಕೆ ಶುರು ಮಾಡ್ತು. ಅಲ್ಲಿ ದುಡ್ಡಿದೆ ಸ್ವಾಮಿ ಅಂತ ಯಾರೋ ಹೇಳ್ತಾರೆ, ಗೊತ್ತು. ನಾಲ್ಕು ಫೋಟೋ, ಒಂದು ಲ್ಯಾಮಿನೇಶನ್, ಇದಕ್ಕೆ ಯಾವ ಟೆಂಡರ್ ಕರೀಬೇಕು?

ಬೆಳಕಿನ ವಿಷ್ಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದು ನಮಗೆ ಕಾಣೋದೇ ಇಲ್ಲ. ಹಳೇ ಚೋಕ್ ಇರೋ ಟ್ಯೂಬ್‌ಲೈಟ್ ನಮ್ಮ ಕರೆಂಟಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತೆ, ಜೊತೆಗೆ ಗುಂಯ್ ಅಂತ ಒಂದು ಸದ್ದು. ನಮ್ಮ ಮಿದುಳು ಅದನ್ನ ಬದಿಗೆ ತಳ್ಳಿಬಿಡುತ್ತೆ, ಆಟಿಸಂ ಇರೋ ಕೆಲವರಿಗೆ ಅದನ್ನ ತಳ್ಳೋಕಾಗಲ್ಲ, ಕಿವಿ ಹತ್ರ ಸೊಳ್ಳೆ ಇಟ್ಕೊಂಡು ಓದಿದಂಗೆ. ಮೇಲೆ ಕಟಕಟ ಅನ್ನೋ ಫ್ಯಾನು, ಕೆಳಗೆ ಈಗಷ್ಟೇ ಒರೆಸಿದ ಫಿನಾಯಿಲ್ ವಾಸನೆ, ಕಪಾಟಿನೊಳಗೆ ನುಸಿಗುಳಿಗೆ. ಒಳ್ಳೇ ಎಲ್‌ಇಡಿ ಹಾಕ್ಸಿ, ಫ್ಯಾನಿಗೆ ಎಣ್ಣೆ ಬಿಡಿಸಿ, ಬೆಳಿಗ್ಗೆ ಬಾಗಿಲು ತೆರೆಯೋಕೆ ಒಂದು ಗಂಟೆ ಮುಂಚೆ ನೆಲ ಒರೆಸಿ. ಇದ್ರಿಂದ ಮೈಗ್ರೇನ್ ಇರೋರಿಗೂ ಉಪಕಾರ ಆಗುತ್ತೆ.

ಇನ್ನು ಎಕ್ಸಾಮ್ ಹುಡುಗರ ವಿಷ್ಯ. ಅವರನ್ನ ವಿಲನ್ ಮಾಡೋಕೆ ನನಗೆ ಮನಸ್ಸಿಲ್ಲ, ಮೊಬೈಲ್ ಎತ್ತಿದವನನ್ನ ಬಿಟ್ಟು. ಮನೇಲಿ ಜಾಗ ಇಲ್ಲದೆ, ಕೋಚಿಂಗಿಗೆ ದುಡ್ಡಿಲ್ಲದೆ, ಟಿಫನ್ ಬಾಕ್ಸ್ ಕಟ್ಕೊಂಡು ಬಂದು ಪಿಡಿಒ ಪರೀಕ್ಷೆಗೋ ಎಫ್‌ಡಿಎಗೋ ದಿನಪೂರ್ತಿ ಓದೋರು ಅವರು, ಅವರಿಗೂ ನಿಶ್ಯಬ್ದ ಬೇಕೇ ಬೇಕು. ಇಬ್ಬರಿಗೂ ಒಂದೇ ಹಾಲ್ ಇರೋದು. ಅದಕ್ಕೆ ಗೋಡೆ ಕಟ್ಟೋ ಬದಲು ಹೊತ್ತು ಹಂಚ್ಕೋಬಹುದು. ವಾರಕ್ಕೊಂದು ದಿನ ಒಂದು ಗಂಟೆ, ಮಧ್ಯಾಹ್ನ ಜನ ಕಮ್ಮಿ ಇರೋ ಹೊತ್ತಲ್ಲಿ, ಈ ಗಂಟೇಲಿ ಗುನುಗಬಹುದು, ಓಡಾಡಬಹುದು, ಕೈ ಬಡೀಬಹುದು ಅಂತ ಬೋರ್ಡ್ ಹಾಕಿ. ಉಳಿದ ಹೊತ್ತಲ್ಲಿ ಬರಬಾರದು ಅಂತಲ್ಲ ಮತ್ತೆ! ಆ ಅರ್ಥ ಬಂದ್ರೆ ಬೋರ್ಡೇ ಬೇಡ. ಒಂದು ಮೂಲೆಗೆ ಪರದೆ ಕಟ್ಟಿ ಒಂದು ಚಾಪೆ ಹಾಸಿದ್ರೆ, ಸದ್ದು ಜಾಸ್ತಿ ಆದಾಗ ಹೋಗಿ ಕೂತ್ಕೋಬಹುದು. ಕೌಂಟರಲ್ಲಿ ಕಿವಿಗೆ ಹಾಕ್ಕೊಳ್ಳೋ ಮಫ್ ಎರಡು ಇಟ್ರೆ, ಎಕ್ಸಾಮ್ ಹುಡುಗರೂ ಕೇಳಿ ತಗೋತಾರೆ ನೋಡಿ.

ಸಿಬ್ಬಂದಿ ಪರವಾಗಿಯೂ ಒಂದು ಮಾತು. ಹಳ್ಳಿಯ ಅರಿವು ಕೇಂದ್ರಗಳಲ್ಲಿ, ಅಂದ್ರೆ ಗ್ರಾಮ ಪಂಚಾಯ್ತಿ ಲೈಬ್ರರಿಗಳಲ್ಲಿ, ಒಬ್ಬರೇ ಮೇಲ್ವಿಚಾರಕರು, ಬೀಗ ತೆಗೆಯೋದು, ಕಸ ಗುಡಿಸೋದು, ಪೇಪರ್ ಜೋಡಿಸೋದು, ಕಂಪ್ಯೂಟರ್ ತೋರಿಸೋದು ಎಲ್ಲಾ ಅವರದೇ. ಅವರಿಗೆ ಯಾರೂ ಇದನ್ನ ಹೇಳಿಕೊಟ್ಟಿಲ್ಲ. ಹೇಳಿಕೊಡೋಕೆ ದೊಡ್ಡ ಕಾರ್ಯಾಗಾರನೂ ಬೇಡ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಅಂತ ಒತ್ತಾಯ ಮಾಡ್ಬೇಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹೇಳಿ ಹತ್ತು ಸೆಕೆಂಡ್ ಕಾಯಿರಿ. ಮೆಲ್ಟ್‌ಡೌನ್ ಆದ್ರೆ ಮುಟ್ಟಬೇಡಿ, ಸುತ್ತ ನಿಂತಿರೋ ಜನನ ಕಳಿಸಿ, ಹತ್ರದ ಲೈಟ್ ಆರಿಸಿ, ತಾಯಿಗೆ ಏನು ಬೇಕು ಅಂತ ಮೆತ್ತಗೆ ಕೇಳಿ. ಮಾತು ಬರದವರಿಗೆ ಒಂದು ರಟ್ಟಿನ ಮೇಲೆ ಆರು ಚಿತ್ರ ಇರ್ಲಿ, ಪುಸ್ತಕ, ನೀರು, ಟಾಯ್ಲೆಟ್, ಸದ್ದು ಜಾಸ್ತಿ, ಹೊರಗೆ ಹೋಗೋಣ, ಸಾಕು. ಬೆರಳು ತೋರಿಸಿದ್ರೆ ಆಯ್ತು. ಪುಟ ಹರಿದ್ರೆ ದಂಡ ಹಾಕೋ ಮುಂಚೆ ಗಮ್‌ಟೇಪ್ ಹುಡುಕಿ.

ಅಂದ್ಹಾಗೆ ಆಟಿಸಂ ಅಂದ ತಕ್ಷಣ ಎಲ್ಲರೂ ಮಕ್ಕಳ ಬಗ್ಗೆನೇ ಮಾತಾಡ್ತೀವಿ, ನಾನೂ ಇಲ್ಲೀವರೆಗೆ ಅದೇ ಮಾಡ್ದೆ. ಆ ಮಕ್ಕಳು ದೊಡ್ಡವರಾಗ್ತಾರೆ. ದಿನಾ ಬಂದು ಯಾರ ಜೊತೆನೂ ಮಾತಾಡದೆ ಒಂದೇ ಮೂಲೇಲಿ ಕೂರೋ ಮೂವತ್ತು ನಲವತ್ತು ವಯಸ್ಸಿನವರು ನಮ್ಮ ಲೈಬ್ರರಿಗಳಲ್ಲಿ ಇದಾರೆ, ಎಷ್ಟೋ ಜನಕ್ಕೆ ತಮಗೆ ಆಟಿಸಂ ಇದೆ ಅಂತಾನೇ ಗೊತ್ತಿರಲ್ಲ. ಪುಸ್ತಕ ಜೋಡಿಸೋದು, ನಂಬರ್ ಹಾಕೋದು, ಕ್ಯಾಟಲಾಗ್ ಮಾಡೋದು, ಇಂಥ ಕೆಲಸ ಖುಷಿಯಿಂದ ಮಾಡೋರು ಅವರಲ್ಲಿ ಇರ್ತಾರೆ. ಯಾವ ಲೈಬ್ರರೀಲಿ ಏನು ಬದಲಾಯಿಸಬೇಕು ಅಂತ ಮೊದಲು ಅವರನ್ನೇ ಕೇಳ್ಬೇಕು, ನನ್ನಂಥ ಸಂಪಾದಕರನ್ನಲ್ಲ.

ನಂಬರ್ ಅಂದಾಗ ನೆನಪಾಯ್ತು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸ್ಕೊಂಡ ಎಸ್. ಆರ್. ರಂಗನಾಥನ್ ಅವರ ಜನ್ಮದಿನ ಅಂತ ಆಗಸ್ಟ್ 12ಕ್ಕೆ ಎಲ್ಲಾ ಲೈಬ್ರರಿಲೂ ಫೋಟೋಗೆ ಹಾರ ಹಾಕ್ತಾರೆ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಎರಡನೇದು, ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಅಂದ್ರೆ ಪ್ರತಿ, ಸುಮ್ನೆ ಕೂರೋ ಓದುಗ ಅಂತ ಅವರು ಸೇರಿಸಿಲ್ಲ. ಒಂದೊಂದು ವಿಷಯಕ್ಕೆ ಒಂದೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸೋ ಡ್ಯೂಯಿ ಪದ್ಧತೀಲಿ ಹಾವುಗಳಿಗೆ ಒಂದು ನಂಬರ್ ಇದೆ, 597.96. ಆ ಪದ್ಧತಿ ಬಳಸೋ ಲೈಬ್ರರಿ ಶಿವಮೊಗ್ಗದಲ್ಲಿರ್ಲಿ ಸಿಂಗಾಪುರದಲ್ಲಿರ್ಲಿ ಹಾವು ಅಲ್ಲೇ. ಕಪಾಟು ಸರಿಯುತ್ತೆ, ನಂಬರ್ ಸರಿಯಲ್ಲ. ನಿಮ್ಮ ಲೈಬ್ರರೀಲಿ ಪುಸ್ತಕದ ಬೆನ್ನಿಗೆ ನಂಬರ್ ಅಂಟಿಸಿದ್ರೆ, ಮಗನಿಗೆ ಆ ನಂಬರ್ ತೋರಿಸಿಕೊಡಿ. ಅಂಕಿ ಹಿಡ್ಕೊಂಡು ಹುಡುಕೋದು ಅವನಿಗೆ ಹಿಡಿಸಬಹುದು, ಹಿಡಿಸದೇನೂ ಇರಬಹುದು, ನೋಡಿ.

ಈಗ ನೀವು ಮಾಡೋದು ಇಷ್ಟು ಮೇಡಂ. ಮೊದಲು ಒಬ್ಬರೇ ಹೋಗಿ, ಶನಿವಾರ ಬೇಡ, ಜನ ಇಲ್ಲದ ಒಂದು ಮಧ್ಯಾಹ್ನ. ಅವತ್ತು ಮಾತಾಡಿದವರೇ ಸಿಕ್ರೂ ಜಗಳ ತೆಗೀಬೇಡಿ, ಈ ಪುಟ ಕೈಗೆ ಕೊಡಿ, ಬೈದಿರೋದು ನಾನು ಅಂತ ಹೇಳಿ. ಗೇಟಿಂದ ಕಪಾಟಿನವರೆಗೆ ಆರೇಳು ಫೋಟೋ ತೆಗೀತೀನಿ ಅಂತ ಕೇಳಿ. ಫೋಟೋಗೆ ಪರ್ಮಿಷನ್ ಇಲ್ಲ ಅಂದ್ರೆ ವಾಪಸ್ ಮನೆಗೆ ಬಂದು ಮಗನ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಲೈಬ್ರರಿ ಚಿತ್ರ ಬರೆಯೋಕೆ ಹೇಳಿ, ಅದರ ಮೇಲೆ ಹೊಸ ಜಾಗಕ್ಕೆ ಬಾಣದ ಗುರುತು ನೀವು ಹಾಕಿ. ಯಾವುದು ಎಲ್ಲಿತ್ತು ಅಂತ ಅವನಷ್ಟು ಚೆನ್ನಾಗಿ ಆ ಲೈಬ್ರರಿಯವರಿಗೂ ಗೊತ್ತಿರಲ್ಲ. ಆ ಚಿತ್ರದ ಒಂದು ಕಾಪಿ ನಮಗೂ ಕಳ್ಸಿ.

— ಸಂಪಾದಕ