ಅಮ್ಮನಿಗೆ ಮ್ಯಾಕ್ಯುಲಾ ಸವೆತ ಇದೆ, ನನಗೂ ಬರುತ್ತಾ? ಜೀನ್ ಟೆಸ್ಟ್ ಮಾಡಿಸಲಾ?

ನಿಮಗೆ 45, ಅಮ್ಮನಿಗೆ ಕಣ್ಣಿನ ಹಿಂಭಾಗದ ಪರದೆಯ (ರೆಟಿನಾ) ನಡುಭಾಗವಾದ ಮ್ಯಾಕ್ಯುಲಾ ಸವೆದು ನಡುಭಾಗದ ದೃಷ್ಟಿ ಹೋಗುತ್ತಿದೆ, ನಿಮಗೂ ಬಂದೇ ಬರುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ವಿರಾಜಪೇಟೆ ಕಡೆ ಕಾಫಿ ತೋಟ ನೋಡಿಕೊಂಡಿರುವವನು. ನಮ್ಮ ಅಪ್ಪನಿಗೂ ಇದೇ ಕಾಯಿಲೆ. ಹಾಗಾಗಿ ಕಣ್ಣಿನ ಡಾಕ್ಟರ ಹತ್ತಿರ ಇದನ್ನೇ ಕೇಳಿ ಕೇಳಿ ತಲೆ ತಿಂದಿದ್ದೇನೆ.

ಅಪ್ಪನದು ಗೊತ್ತಾಗಿದ್ದು ಕೊಡವರ ಕೋವಿ ಹಬ್ಬ ಕೈಲ್‌ಪೊಳ್ದ್ ದಿನ. ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯಲು ಎಡಗಣ್ಣು ಮುಚ್ಚಿ ಕೋವಿ ಎತ್ತಿದರು. ಹೊಡೆಯಲಿಲ್ಲ. ಕೋವಿ ಇಳಿಸಿ, "ಈ ಮರ ಯಾವಾಗ ಸೊಟ್ಟ ಆಯ್ತು?" ಅಂದರು. ಮರ ನೆಟ್ಟಗೇ ಇತ್ತು. ಅಲ್ಲಿವರೆಗೆ ಒಳ್ಳೆ ಕಣ್ಣು ಕೆಟ್ಟ ಕಣ್ಣನ್ನು ಸಂಭಾಳಿಸಿಕೊಂಡು ಬಂದಿತ್ತು.

ಜೀನ್ ವಿಷಯಕ್ಕೆ ಬರೋಣ. ದೊಡ್ಡ ಪಾತ್ರ ಎರಡರದ್ದು. ಒಂದು, ಸಿಎಫ್‌ಎಚ್ ಅನ್ನೋ ಜೀನ್; ಈ ಕಾಯಿಲೆ ಜೊತೆ ಇದರ ನಂಟು ಪತ್ತೆಯಾಗಿದ್ದು 2005ರಲ್ಲಿ. ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೇ ತಿರುಗಿ ಬೀಳದಂತೆ ಕಡಿವಾಣ ಹಾಕುವ ಪ್ರೋಟೀನ್ ಇದರಿಂದ ಬರುತ್ತದೆ. ಕಡಿವಾಣ ಸಡಿಲವಾದರೆ ರೆಟಿನಾದಲ್ಲಿ ಒಳಗೊಳಗೇ ಉರಿಯೂತ. ಇನ್ನೊಂದು ಹತ್ತನೇ ಕ್ರೋಮೋಸೋಮ್‌ನಲ್ಲಿ, ಎಆರ್‌ಎಂಎಸ್2 ಅನ್ನೋ ಜೀನ್ ಇರುವ ಜಾಗ. ಇವುಗಳ ಅಪಾಯದ ರೂಪ ಇದ್ದರೆ ಕಾಯಿಲೆ ಬರುವ, ಬಂದದ್ದು ಮುಂದಿನ ಹಂತಕ್ಕೆ ಜಾರುವ ಸಾಧ್ಯತೆ ಜಾಸ್ತಿ. ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೆ ಇನ್ನೂ ಜಾಸ್ತಿ. ಆದರೂ ಖಂಡಿತ ಅನ್ನೋ ಮಾತೇ ಇಲ್ಲ. ಅಮ್ಮನ ಎರಡು ಪ್ರತಿಯಲ್ಲಿ ನಿಮಗೆ ಬರುವುದು ಒಂದೇ, ಅದು ಒಳ್ಳೆಯದೂ ಆಗಿರಬಹುದು ಅಲ್ವಾ?

ಟೆಸ್ಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಈ ಕಾಯಿಲೆಗೆ ಮಾಮೂಲಾಗಿ ಜೀನ್ ಟೆಸ್ಟ್ ಬೇಡ ಎನ್ನುತ್ತದೆ. ರಿಸಲ್ಟ್ ಏನೇ ಬಂದರೂ ಮಾಡಬೇಕಾದ್ದು ಬದಲಾಗುವುದಿಲ್ಲ. ಆ ದುಡ್ಡಲ್ಲಿ ವರ್ಷಕ್ಕೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ, ಕೆಟ್ಟ ಜೀನ್ ಜೊತೆ ಹೊಗೆ ಸೇರಿದರೆ ಅಪಾಯ ಏರುತ್ತಾ ಹೋಗುತ್ತದೆ. ಅಮ್ಮನ ವಿಟಮಿನ್, ಜಿಂಕ್ ಮಾತ್ರೆ ನೀವು ನುಂಗಬೇಡಿ. ಅದು ಮಧ್ಯಮ ಹಂತ ತಲುಪಿದವರಿಗೆ, ಬರದಂತೆ ತಡೆಯಲು ಅಲ್ಲ.

ನಾನಂತೂ ವಾರಕ್ಕೊಮ್ಮೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲುತ್ತೇನೆ. ಓದುವ ಕನ್ನಡಕ ಹಾಕಿ, ಒಂದೊಂದೇ ಕಣ್ಣು ಮುಚ್ಚಿ ಚೌಕಗಳನ್ನು ನೋಡುವುದು. ಗೆರೆ ಬಾಗಿ ಕಂಡರೆ ಒಂದೆರಡು ದಿನದಲ್ಲೇ ರೆಟಿನಾ ಡಾಕ್ಟರ್ ಹತ್ತಿರ ಓಡಬೇಕು. ರಕ್ತನಾಳ ಸೋರುವ ಬಗೆಯಾದರೆ ಬೇಗ ಇಂಜೆಕ್ಷನ್ ಶುರು ಮಾಡಿದಷ್ಟೂ ದೃಷ್ಟಿ ಉಳಿಯುತ್ತದೆ. ಅಪ್ಪ ಕಾಫಿ ಕೊಯ್ಲು ಮುಗಿಯಲಿ ಅಂತ ಫೆಬ್ರವರಿವರೆಗೆ ಕಾದರು. ಈಗ ಎಡಗಣ್ಣಿಂದ ಗುರಿ ಹಿಡಿಯುವುದನ್ನು ಕಲಿಯುತ್ತಿದ್ದಾರೆ.