ಎರಡು ವಿಎಂಸಿ ಇರುವ ಸಣ್ಣ ಶಾಪ್‌ಗೆ ಯಾವ ಸಿಎಂಎಂ ತಗೊಳ್ಳೋದು?

ಪೀಣ್ಯದಲ್ಲಿ ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್), ಜಾಸ್ತಿ ಅಲ್ಯೂಮಿನಿಯಂ ಹೌಸಿಂಗ್ ಕೆಲಸ, ಗಿರಾಕಿ ಈಗ ಸಿಎಂಎಂ (ಪ್ರೋಬ್ ತುದಿಯಿಂದ ಪೀಸ್ ಮುಟ್ಟಿ ಅಳತೆ ತೆಗೆಯುವ ಮೆಷಿನ್) ರಿಪೋರ್ಟ್ ಕೇಳುತ್ತಿದ್ದಾರೆ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ವಾ ಅಂತ ಕೇಳಿದ್ದೀರಿ. ನಾನು ಇನ್‌ಸ್ಪೆಕ್ಷನ್ ಕೆಲಸದಲ್ಲೇ ಇರುವವನು. ಮೆಷಿನ್‌ಗಿಂತ ಮೊದಲು ಅದನ್ನು ಇಡುವ ರೂಮ್ ನೋಡಿ ಅಂತೀನಿ.

ಡ್ರಾಯಿಂಗ್‌ನಲ್ಲಿರುವ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದ್ದು. ಒಂದು ಡಿಗ್ರಿ ಏರಿದರೆ ಅಲ್ಯೂಮಿನಿಯಂ ಮೀಟರ್‌ಗೆ ಸುಮಾರು 23 ಮೈಕ್ರಾನ್ (ಮಿಮೀಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ, ಸ್ಟೀಲ್ ಅದರ ಅರ್ಧ. ಎರಡು ಬೋರ್‌ಗಳ (ಕೊರೆದ ತೂತುಗಳ) ಮಧ್ಯೆ 200 ಮಿಮೀ ಇದ್ದರೆ, 28 ಡಿಗ್ರಿಯಲ್ಲಿ ಆ ಅಂತರವೇ 37 ಮೈಕ್ರಾನ್ ಬೆಳೆದಿರುತ್ತದೆ. ±20 ಮೈಕ್ರಾನ್ ಟಾಲರೆನ್ಸ್ (ಡ್ರಾಯಿಂಗ್ ಒಪ್ಪುವ ಹೆಚ್ಚುಕಮ್ಮಿ) ಅಲ್ಲೇ ಹೋಯ್ತು, ಅಲ್ವಾ? ಮೆಷಿನ್‌ನಲ್ಲಿ ಟೆಂಪರೇಚರ್ ಕಾಂಪೆನ್ಸೇಷನ್ (ಬಿಸಿಗೆ ತಕ್ಕಂತೆ ಅಳತೆ ಸರಿಪಡಿಸುವ ಲೆಕ್ಕ) ಇರಬಹುದು. ಆದರೆ ಕೂಲೆಂಟ್ ಒರೆಸಿ ನೇರ ತಂದಿಟ್ಟ ಪೀಸ್ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗಿದ್ದರೆ ಅದು ತಾನೇ ಏನು ಮಾಡೀತು? ಪೀಸ್ ಅದೇ ರೂಮಿನಲ್ಲಿ ಕೆಲವು ಗಂಟೆ ಕೂರಬೇಕು. ಏಸಿ ರಾತ್ರಿಯೂ ಓಡಬೇಕು. ಆ ಕರೆಂಟ್ ಬಿಲ್ಲನ್ನೂ ಬಜೆಟ್‌ಗೆ ಸೇರಿಸಿ.

ಗಾಳಿಯೂ ಅಷ್ಟೇ ಮುಖ್ಯ. ಬಹುಪಾಲು ಬ್ರಿಡ್ಜ್ ಸಿಎಂಎಂಗಳು ಏರ್ ಬೇರಿಂಗ್ ಮೇಲೆ, ಅಂದ್ರೆ ತೆಳು ಗಾಳಿ ಪದರದ ಮೇಲೆ ಓಡುತ್ತವೆ. ಶಾಪ್ ಕಂಪ್ರೆಸರ್‌ನ ಎಣ್ಣೆ, ನೀರು ಒಳಗೆ ಹೋದರೆ ಬೇರಿಂಗ್ ಹಾಳು. ಡ್ರೈಯರ್, ಫಿಲ್ಟರ್ ಬೇಕೇ ಬೇಕು.

ಇನ್ನು ನಿಖರತೆ. ಕ್ಯಾಟಲಾಗ್‌ನಲ್ಲಿ ಮೆಷಿನ್ ಮಾಡಬಹುದಾದ ತಪ್ಪಿನ ಮಿತಿ 2 + 3ಎಲ್/1000 ಮೈಕ್ರಾನ್ ಅಂತಿದ್ದರೆ ಎಲ್ ಜಾಗಕ್ಕೆ ನಿಮ್ಮ ಅಳತೆಯನ್ನು ಮಿಮೀಯಲ್ಲಿ ಹಾಕಿ. 200 ಮಿಮೀಗೆ 2.6 ಬರುತ್ತದೆ. ನಿಮ್ಮ ಅತಿ ಬಿಗಿಯಾದ ಟಾಲರೆನ್ಸ್‌ನ ಹತ್ತನೇ ಒಂದು ಭಾಗದೊಳಗಿದ್ದರೆ ಸಾಕು. ಅದಕ್ಕಿಂತ ಜಾಸ್ತಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಸೈಜ್ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಪ್ರೋಬ್ ಹೆಡ್ ಪಕ್ಕಕ್ಕೆ ತಿರುಗಿ ಅಡ್ಡ ಬೋರ್ ಮುಟ್ಟಲು ಪೀಸ್ ಸುತ್ತ ಜಾಗ ಬೇಕು, ಪೀಸ್ ಹಿಡಿದಿಡುವ ಫಿಕ್ಸ್ಚರ್ ಎತ್ತರವೂ ಸೇರುತ್ತದೆ.

ಡೆಮೋಗೆ ಹೋದಾಗ ಅವರ ಪೀಸ್ ಬೇಡ, ನಿಮ್ಮದೇ ಒಯ್ಯಿರಿ. ಅಳೆದು, ಬಿಚ್ಚಿ, ಮತ್ತೆ ಕಟ್ಟಿ ಹತ್ತು ಸಲ ಅಳೆಸಿ. ಅಂಕಿಗಳು ಎಷ್ಟು ಓಲಾಡುತ್ತವೆ ನೋಡಿ.

ಹಳೇ ಮೆಷಿನ್ ತಗೊಳ್ಳಬಹುದು. ಅದರ ಗ್ರಾನೈಟ್ ಟೇಬಲ್ ಬೇಗ ಸವೆಯುವುದಿಲ್ಲ, ಸೋಲುವುದು ಕಂಟ್ರೋಲರ್ ಮತ್ತು ಸಾಫ್ಟ್‌ವೇರ್. ಪಿಸಿ-ಡಿಮಿಸ್ ಆಗಲಿ, ಕ್ಯಾಲಿಪ್ಸೊ ಆಗಲಿ, ಆ ಅಳತೆ ಸಾಫ್ಟ್‌ವೇರ್‌ನ ಲೈಸೆನ್ಸ್ ನಿಮ್ಮ ಹೆಸರಿಗೆ ಬರುತ್ತಾ, ಆ ಕಂಟ್ರೋಲರ್‌ಗೆ ಬಿಡಿಭಾಗ ಈಗಲೂ ಸಿಗುತ್ತಾ ಅಂತ ಬರಹದಲ್ಲಿ ಕೇಳಿ. ನಿಮ್ಮ ರೂಮಿನಲ್ಲಿ ಕೂರಿಸಿದ ಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಿಂದ ಐಎಸ್ಒ 10360 (ಸಿಎಂಎಂ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಕ್ಯಾಲಿಬ್ರೇಷನ್ ಮಾಡಿಸಿ, ಅದು ಪಾಸಾದ ಮೇಲೆಯೇ ಕೊನೆಯ ಕಂತು ಕೊಡಿ.